ಮೇಜಿನಿಂದ ಬಿದ್ದ ಡಿಸ್ಕಿಗೆ ಹೊಣೆ ಯಾರು?

ಬಿದ್ದ ಹಾರ್ಡ್ ಡಿಸ್ಕನ್ನು ಯಾರಾದರೂ ಅಂಗಡಿಗೆ ತಂದರೆ ನಾನು ಮೊದಲು ಕೇಳುವುದು ಒಂದೇ ಮಾತು: ‘ಬಿದ್ದಾಗ ಓಡ್ತಾ ಇತ್ತಾ, ನಿಂತಿತ್ತಾ?’ ತಂದವರು ಮೊದಲು ಕೇಳುವುದೂ ಒಂದೇ ಮಾತು: ‘ವಾರಂಟಿ ಇನ್ನೂ ಇದೆಯಲ್ಲಾ?’ ಈ ಎರಡು ಪ್ರಶ್ನೆಗಳನ್ನೂ ಸೇರಿಸಿಯೇ ನೋಡಬೇಕು ಎಂಬುದು ನನ್ನ ವಾದ. ವಾರಂಟಿ ಬರೆಯುವವರು ಹಾಗೆ ನೋಡುತ್ತಿಲ್ಲ. ‘ಬಿತ್ತು’ ಎಂಬ ಒಂದು ಶಬ್ದ ಕಿವಿಗೆ ಬಿದ್ದ ಕೂಡಲೇ ಅವರ ಕಡತ ಮುಚ್ಚಿಕೊಳ್ಳುತ್ತದೆ.

ಸಾಗರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಮದುವೆ ಫೋಟೊ ತೆಗೆಯುವ ಸ್ಟುಡಿಯೊ ಹುಡುಗರು, ಡಿಟಿಪಿಯವರು, ಅಡಿಕೆ ಸೊಸೈಟಿಯ ಗುಮಾಸ್ತರು, ಪಿಎಚ್.ಡಿ. ಮಾಡುತ್ತಿರುವ ಮಕ್ಕಳು ಬರುತ್ತಾರೆ. ಹೆಚ್ಚಿನವರ ಕೈಯಲ್ಲಿ ಅಂಗೈಯಗಲದ ಎಕ್ಸ್‌ಟರ್ನಲ್ ಡಿಸ್ಕು, ಅದಕ್ಕೊಂದು ಗಿಡ್ಡ ವಯರು. ನಾಲ್ಕೈದು ಸಾವಿರ ರೂಪಾಯಿಯ ವಸ್ತು. ಅದರೊಳಗೆ ಇರುವುದಕ್ಕೆ ಮಾತ್ರ ಯಾರೂ ಬೆಲೆ ಕಟ್ಟಿದವರಲ್ಲ.

ಆ ಪೆಟ್ಟಿಗೆಯೊಳಗೆ ಏನಿದೆ ಎಂದು ಒಮ್ಮೆ ನೋಡಿದವರಿಗೆ ನನ್ನ ಪ್ರಶ್ನೆ ಅರ್ಥವಾಗುತ್ತದೆ. ಕನ್ನಡಿಯಂತೆ ಹೊಳೆಯುವ ಒಂದೆರಡು ತಟ್ಟೆಗಳು. ಸಣ್ಣ ಡಿಸ್ಕುಗಳಲ್ಲಿ ಇವು ಹೆಚ್ಚಾಗಿ ಗಾಜಿನವು, ಮೇಲೆ ಕಾಂತೀಯ ಲೇಪನ. ನಿಮಿಷಕ್ಕೆ 5,400 ಸುತ್ತು ತಿರುಗುವಾಗ ತಟ್ಟೆಯ ಅಂಚು ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರ ಮೇಲೆ ತೆಳ್ಳಗಿನ ತೋಳೊಂದರ ತುದಿಯಲ್ಲಿ ಓದುವ, ಬರೆಯುವ ಹೆಡ್ಡು. ಈ ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವ ತಟ್ಟೆ ಎಬ್ಬಿಸಿದ ಗಾಳಿಯ ಪದರದ ಮೇಲೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಅಷ್ಟು ಸಣ್ಣ ಸಂದಿಯಲ್ಲಿ ನಮ್ಮ ಮಕ್ಕಳ ನಾಮಕರಣದ ವಿಡಿಯೊ, ತೋಟದ ಲೆಕ್ಕ, ಪ್ರಬಂಧದ ಮೂರನೇ ಅಧ್ಯಾಯ ಎಲ್ಲವೂ ಇವೆ.

ಡಿಸ್ಕು ನಿಂತಾಗ ಹೆಡ್ಡು ತಟ್ಟೆಯಿಂದ ಪೂರ್ತಿ ಹೊರಬಂದು, ಪಕ್ಕದ ಪ್ಲಾಸ್ಟಿಕ್ ಇಳಿಜಾರಿನ ಮೇಲೆ ಕೂರುತ್ತದೆ. ಇದಕ್ಕೆ ನಾವು ಪಾರ್ಕ್ ಆಗುವುದು ಅನ್ನುತ್ತೇವೆ. ಪಾರ್ಕ್ ಆದ ಡಿಸ್ಕು ಬೀಳುವುದಕ್ಕೂ ಓಡುತ್ತಿರುವ ಡಿಸ್ಕು ಬೀಳುವುದಕ್ಕೂ ಇರುವ ವ್ಯತ್ಯಾಸವನ್ನು ತಯಾರಕರೇ ತಮ್ಮ ತಾಂತ್ರಿಕ ಪಟ್ಟಿಯಲ್ಲಿ ಅಂಕಿಯಲ್ಲಿ ಬರೆದಿರುತ್ತಾರೆ. ಎರಡೂವರೆ ಇಂಚಿನ ಸಾಮಾನ್ಯ ಡಿಸ್ಕು ಓಡುವಾಗ ತಡೆಯುವ ಹೊಡೆತ ಭೂಮಿಯ ಗುರುತ್ವದ 400 ಪಟ್ಟು, ನಿಂತಾಗ 1,000 ಪಟ್ಟು. ಡೆಸ್ಕ್‌ಟಾಪಿನೊಳಗೆ ಕೂರುವ ಮೂರೂವರೆ ಇಂಚಿನದು ಇನ್ನೂ ನಾಜೂಕು: ಓಡುವಾಗ 70–80 ಪಟ್ಟು, ನಿಂತಾಗ 300ರ ಆಸುಪಾಸು.

ನಾನೂರು ಪಟ್ಟು ಎಂದರೆ ದೊಡ್ಡ ಸಂಖ್ಯೆಯಂತೆ ಕೇಳುತ್ತದೆ. ಲೆಕ್ಕ ಹಾಕಿದರೆ ಭಯವಾಗುತ್ತದೆ. ಬಿದ್ದ ಎತ್ತರವನ್ನು, ನೆಲ ಮುಟ್ಟಿದ ಮೇಲೆ ವಸ್ತು ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿದರೆ ಗುರುತ್ವದ ಎಷ್ಟು ಪಟ್ಟು ಹೊಡೆತ ಬಿತ್ತೆಂಬುದು ಸರಿಸುಮಾರು ಸಿಗುತ್ತದೆ. ಹೈಸ್ಕೂಲಿನ ಭೌತವಿಜ್ಞಾನ ಸಾಕು. ಮೇಜಿನ ಎತ್ತರ 75 ಸೆಂಟಿಮೀಟರ್. ಗ್ರಾನೈಟ್ ನೆಲ ಬಗ್ಗುವುದಿಲ್ಲ. ಡಿಸ್ಕಿನ ಪ್ಲಾಸ್ಟಿಕ್ ಹೊದಿಕೆ ಒಂದು ಮಿಲಿಮೀಟರ್ ಬಗ್ಗಿತು ಎಂದುಕೊಳ್ಳೋಣ. 750 ಮಿಲಿಮೀಟರನ್ನು ಒಂದರಿಂದ ಭಾಗಿಸಿ: 750 ಪಟ್ಟು. ಅದೂ ಸರಾಸರಿ ಲೆಕ್ಕ. ಆ ಕ್ಷಣದ ತುತ್ತತುದಿಯ ಹೊಡೆತ ಇನ್ನೂ ಹೆಚ್ಚಿರುತ್ತದೆ. ನಿಂತಿದ್ದ ಡಿಸ್ಕು ಬದುಕಬಹುದು, ಓಡುತ್ತಿದ್ದದ್ದು ಕಷ್ಟ. 45 ಸೆಂಟಿಮೀಟರಿನ ಟೀಪಾಯಿಂದ ಬಿದ್ದರೂ 450 ಪಟ್ಟಾಯಿತು, ಓಡುವ ಡಿಸ್ಕಿನ ಮಿತಿ ದಾಟಿತು. ಅದೇ ಟೀಪಾಯಿ ಕೆಳಗೆ ಜಮಖಾನ ಮಡಚಿ ಹಾಸಿದ್ದು, ಬಿದ್ದ ಪೆಟ್ಟಿಗೆ ಐದು ಮಿಲಿಮೀಟರ್ ಒಳಗಿಳಿದು ನಿಂತರೆ 90 ಪಟ್ಟು ಮಾತ್ರ. ಮೂರೂವರೆ ಇಂಚಿನ ಡಿಸ್ಕನ್ನು ನಿಲ್ಲಿಸಿಟ್ಟು ಓಡಿಸುವಾಗ ಅದು ಮೇಜಿನ ಮೇಲೇ ಮಗುಚಿಕೊಂಡರೂ ಸಾಕು, ಕಥೆ ಮುಗಿಯಬಹುದು.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕಾವಿ ಬಣ್ಣದ ಸಿಮೆಂಟ್ ನೆಲ, ಹೊಸ ಮನೆಗಳಲ್ಲಿ ಗ್ರಾನೈಟು, ವಿಟ್ರಿಫೈಡ್ ಟೈಲ್ಸು. ಒಂದೂ ಬಗ್ಗುವ ನೆಲವಲ್ಲ.

ಹೊಸನಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತಂದ ಡಿಸ್ಕು ಹೀಗೆಯೇ ಟೀಪಾಯಿಂದ ಕಾವಿ ನೆಲಕ್ಕೆ ಬಿದ್ದದ್ದು. ಅವರ ಹತ್ತಿರ ತಾಳಮದ್ದಲೆ, ಯಕ್ಷಗಾನದ ಕ್ಯಾಸೆಟ್ಟುಗಳ ದೊಡ್ಡ ಸಂಗ್ರಹವಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ನೆಬ್ಬೂರು ನಾರಾಯಣ ಭಾಗವತರ ಪದ. ನಿವೃತ್ತಿಯ ನಂತರ ಕ್ಯಾಸೆಟ್ಟಿಗೊಂದು ಹೆಸರು ಕೊಟ್ಟು, ಪ್ರಸಂಗ, ಊರು, ಇಸವಿ ಬರೆದು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದ್ದರು. ಹಾಡು ಓಡುತ್ತಿದ್ದಾಗ ಮೊಮ್ಮಗನ ಕಾಲಿಗೆ ವಯರು ಸಿಕ್ಕಿತು.

‘ತಂಗೀ, ವಾರಂಟಿ ಇನ್ನೂ ಒಂದು ವರ್ಷ ಇದ್ಯಲ್ಲ, ಕಂಪನಿಗೆ ಕಳಿಸಿಬಿಡು’ ಎಂದರು.

ನಾನು ವಯರು ಸಿಕ್ಕಿಸಿ ಒಮ್ಮೆ ಮಾತ್ರ ಕಿವಿ ಇಟ್ಟೆ. ಟಕ್, ಟಕ್, ಟಕ್. ಹೆಡ್ಡು ತನ್ನ ಜಾಗ ಹುಡುಕಲು ಹೋಗಿ, ಸಿಗದೆ, ಹಿಂದಕ್ಕೆ ಬಂದು ಬಡಿಯುವ ಸದ್ದು. ಕೂಡಲೇ ತೆಗೆದೆ. ಹಾಗೆ ಓಡಲು ಬಿಟ್ಟಷ್ಟೂ ಜಖಂ ಆದ ಹೆಡ್ಡು ತಟ್ಟೆಯನ್ನು ಕೆರೆಯುತ್ತದೆ; ಕೆರೆದ ಪುಡಿಯೇ ಮತ್ತಷ್ಟು ಕೆರೆಯುತ್ತದೆ.

‘ಮೇಷ್ಟ್ರೇ, ಬಿದ್ದದ್ದಕ್ಕೆ ವಾರಂಟಿ ಬರೋದಿಲ್ಲ. ಒಂದು ವೇಳೆ ಬಂದರೂ ಅವರು ಕೊಡೋದು ಬೇರೆ ಡಿಸ್ಕು. ಖಾಲಿದು. ನಿಮ್ಮದು ಅಲ್ಲೇ ಉಳೀತದೆ.’

‘ಖಾಲಿ ಡಿಸ್ಕು ಇಟ್ಕಂಡು ನಾ ಏನು ಮಾಡ್ಲೇ?’

ಈ ಮಾತನ್ನು ನಾನು ಮುಂದೆ ಅನೇಕರಿಗೆ ಹೇಳಿದ್ದೇನೆ. ವಾರಂಟಿಯ ಬಗ್ಗೆ ಜನರಿಗಿರುವ ನಂಬಿಕೆಗೂ ವಾರಂಟಿ ಕಾಗದದಲ್ಲಿ ಇರುವುದಕ್ಕೂ ನಡುವಿನ ಅಂತರ ಅದರಲ್ಲಿದೆ. ಕಾಗದ ಹೇಳುವುದು ಇಷ್ಟೆ: ತಯಾರಿಕೆಯಲ್ಲಿ, ಬಳಸಿದ ಸಾಮಗ್ರಿಯಲ್ಲಿ ದೋಷವಿದ್ದರೆ ಬದಲಿ ಕೊಡುತ್ತೇವೆ. ಬದಲಿಯಾಗಿ ಬರುವುದು ಬಹಳ ಸಲ ಕಂಪನಿಯೇ ಸರಿಪಡಿಸಿ ಪರೀಕ್ಷಿಸಿದ ಡಿಸ್ಕು, ಹೊಚ್ಚ ಹೊಸದಲ್ಲ. ಒಳಗಿನ ದತ್ತಾಂಶಕ್ಕೆ ನಾವು ಹೊಣೆಯಲ್ಲ ಎಂಬ ಸಾಲು ಪ್ರತಿಯೊಂದರಲ್ಲೂ ಇರುತ್ತದೆ. ಅಪಘಾತ, ದುರ್ಬಳಕೆ, ಬೀಳಿಸುವುದು ಇವೆಲ್ಲ ಹೊರಗೆ. ಸೀಗೇಟಿನಂಥ ಕೆಲವರು ಕೆಲವು ಮಾದರಿಗಳ ಜೊತೆ ದತ್ತಾಂಶ ಮರಳಿ ತೆಗೆದುಕೊಡುವ ಸೇವೆಯನ್ನೂ ಸೇರಿಸಿ ಮಾರುತ್ತಾರೆ. ಕೊಳ್ಳುವಾಗ ಅದನ್ನು ಕೇಳಿ ತಿಳಿದುಕೊಳ್ಳುವವರು ಕಡಿಮೆ.

ಮೇಷ್ಟ್ರ ಅದೃಷ್ಟ, ಕ್ಯಾಸೆಟ್ಟುಗಳನ್ನು ಅವರು ಎಸೆದಿರಲಿಲ್ಲ. ಟ್ರಂಕಿನಲ್ಲಿ ಇದ್ದವು. ಹಾಕಿದ ದುಡಿಮೆ ಹೋಯಿತು, ದನಿ ಉಳಿಯಿತು. ಸ್ಟುಡಿಯೊ ಹುಡುಗರಿಗೆ ಅಂಥ ಟ್ರಂಕಿರುವುದಿಲ್ಲ. ಮೆಮೊರಿ ಕಾರ್ಡು ಅಳಿಸಿ ಮರುದಿನದ ಮದುವೆಗೆ ಹೋಗಿರುತ್ತಾರೆ. ಅವರ ಡಿಸ್ಕನ್ನು ಬೆಂಗಳೂರಿನ ದತ್ತಾಂಶ ಮರುಪಡೆಯುವವರಿಗೆ ಕಳಿಸಬೇಕು. ಅಲ್ಲಿ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕು ಬಿಚ್ಚಿ, ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ಹೆಡ್ಡು ತೆಗೆದು ಜೋಡಿಸುತ್ತಾರೆ. ಖರ್ಚು ಡಿಸ್ಕಿನ ಬೆಲೆಯ ಹಲವು ಪಟ್ಟು. ಗಾಜಿನ ತಟ್ಟೆಯೇ ಒಡೆದಿದ್ದರೆ ಯಾವ ಖರ್ಚಿಗೂ ಏನೂ ಬರುವುದಿಲ್ಲ.

ಇಷ್ಟೆಲ್ಲ ಕಂಡ ಮೇಲೂ, ಬಿದ್ದ ಪ್ರತಿಯೊಂದು ಡಿಸ್ಕಿಗೂ ಕಂಪನಿಯೇ ಹೊಣೆ ಹೊರಲಿ ಎಂದು ನಾನು ಹೇಳಲಾರೆ. ವಾರಂಟಿಯ ಖರ್ಚು ಆಕಾಶದಿಂದ ಬರುವುದಿಲ್ಲ. ಡಿಸ್ಕಿನ ಬೆಲೆಯಲ್ಲೇ ಇರುತ್ತದೆ. ಬೀಳಿಸಿದವರೆಲ್ಲರಿಗೂ ಹೊಸದು ಕೊಟ್ಟರೆ, ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡುವ ಅಜ್ಜಿ, ಬೈಕಿನ ಡಿಕ್ಕಿಯಲ್ಲಿ ಸ್ಪ್ಯಾನರಿನ ಜೊತೆ ಎಸೆಯುವವನ ಪಾಲನ್ನೂ ಕಟ್ಟಬೇಕಾಗುತ್ತದೆ. ಜಾರ್ಜ್ ಪ್ರೀಸ್ಟ್ ಎಂಬ ಅಮೆರಿಕದ ಕಾನೂನು ಪ್ರಾಧ್ಯಾಪಕರು 1981ರಲ್ಲಿ ಯೇಲ್ ಲಾ ಜರ್ನಲಿನಲ್ಲಿ ವಾರಂಟಿಯ ಬಗ್ಗೆ ಬರೆದ ಲೇಖನದ ತಿರುಳು ಹೀಗಿದೆ: ಯಾವ ನಷ್ಟವನ್ನು ತಯಾರಕ ಕಡಿಮೆ ಖರ್ಚಿನಲ್ಲಿ ತಪ್ಪಿಸಬಲ್ಲನೋ ಅದು ಅವನ ಪಾಲಿಗೆ, ಯಾವುದನ್ನು ಬಳಸುವವನು ಸುಲಭವಾಗಿ ತಪ್ಪಿಸಬಲ್ಲನೋ ಅದು ಇವನ ಪಾಲಿಗೆ. ಬೀಳದಂತೆ ನೋಡಿಕೊಳ್ಳುವುದು ಬಳಸುವವನ ಕೈಯಲ್ಲಿದೆ, ಹಾಗಾಗಿ ಬಿದ್ದದ್ದು ಅವನ ಪಾಲಿಗೆ ಎಂದು ಇದರಿಂದ ತೀರ್ಮಾನಿಸಬಹುದು. ಡೆಸ್ಕ್‌ಟಾಪಿನೊಳಗೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ ಡಿಸ್ಕಿನ ವಿಷಯದಲ್ಲಿ ಈ ತೀರ್ಮಾನವನ್ನು ನಾನೂ ಪೂರ್ತಿ ಒಪ್ಪುತ್ತೇನೆ. ಅದನ್ನು ಯಾರೋ ಹೊರತೆಗೆದು ಬೀಳಿಸಿದರೆ ಕಂಪನಿ ಏನು ಮಾಡೀತು?

ಆದರೆ ಎಕ್ಸ್‌ಟರ್ನಲ್ ಡಿಸ್ಕು ಬೇರೆ ಜಾತಿಯ ವಸ್ತು. 1956ರಲ್ಲಿ ಐಬಿಎಂ ಮಾರುಕಟ್ಟೆಗೆ ತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚಿನ ಐವತ್ತು ತಟ್ಟೆಗಳಿದ್ದವು. ಒಂದು ಟನ್ನಿನಷ್ಟು ತೂಗುತ್ತಿತ್ತು. ಹಿಡಿಯುತ್ತಿದ್ದದ್ದು 5 ಮೆಗಾಬೈಟು. ಅಂಥದು ಬಿದ್ದರೆ ಅದನ್ನು ಅಪಘಾತ ಅನ್ನಬೇಕು. ಇವತ್ತಿನ ಪೋರ್ಟಬಲ್ ಡಿಸ್ಕನ್ನು ಮಾರುವುದೇ ‘ಜೇಬಿನಲ್ಲಿಟ್ಟು ಹೋಗಿ’ ಎಂದು. ಡಬ್ಬದ ಮೇಲಿನ ಚಿತ್ರದಲ್ಲಿ ಅದು ಬೆನ್ನಿನ ಚೀಲದಲ್ಲಿ, ಕಾಫಿ ಕಪ್ಪಿನ ಪಕ್ಕದಲ್ಲಿ, ಪ್ರಯಾಣದಲ್ಲಿ ಇರುತ್ತದೆ. ಜೊತೆಗೆ ಕೊಡುವ ವಯರು ಎಷ್ಟು ಗಿಡ್ಡ ಎಂದರೆ ಲ್ಯಾಪ್‌ಟಾಪು ಸ್ವಲ್ಪ ಸರಿದರೂ ಡಿಸ್ಕು ಅಂಚಿಗೆ ಬರುತ್ತದೆ. ಒಯ್ಯಲೆಂದೇ ಮಾಡಿದ ವಸ್ತು ಮೇಜಿನ ಎತ್ತರದಿಂದ ಒಮ್ಮೆ ಬೀಳುವುದು ಅದರ ಸಾಮಾನ್ಯ ಬಳಕೆಯ ಭಾಗ. ಮೊದಲ ಮಹಡಿಯಿಂದ ಬಿದ್ದರೆ ಕೇಳುವುದಿಲ್ಲ. ಬಸ್ಸಿನ ಚಕ್ರದಡಿ ಸಿಕ್ಕರೆ ಕೇಳುವುದಿಲ್ಲ. ಮೇಜಿನಿಂದ ಬಿದ್ದರೆ ಕೇಳುತ್ತೇನೆ.

ಇದು ತಂತ್ರಜ್ಞಾನಕ್ಕೆ ಆಗದ ಮಾತೂ ಅಲ್ಲ. 2003ರಲ್ಲಿಯೇ ಐಬಿಎಂ ತನ್ನ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳಲ್ಲಿ ಚಲನೆ ಗ್ರಹಿಸುವ ಸಣ್ಣ ಚಿಪ್ಪು ಇಟ್ಟು, ಯಂತ್ರ ಬೀಳುತ್ತಿದೆ ಎಂದು ಗೊತ್ತಾದ ತಕ್ಷಣ ಹೆಡ್ಡನ್ನು ಪಾರ್ಕ್ ಮಾಡುವ ವ್ಯವಸ್ಥೆ ತಂದಿತು. 2005ರಲ್ಲಿ ಆಪಲ್ ತನ್ನ ಪವರ್‌ಬುಕ್ಕಿನಲ್ಲಿ ಅದನ್ನೇ ಮಾಡಿತು. 75 ಸೆಂಟಿಮೀಟರ್ ಬೀಳಲು 0.39 ಸೆಕೆಂಡು ಬೇಕು. ಅಷ್ಟರಲ್ಲಿ ಹೆಡ್ಡು ಸುರಕ್ಷಿತ ಜಾಗಕ್ಕೆ ಹೋಗಬಲ್ಲದು. ಒಯ್ಯುವ ವಸ್ತು ಬಿದ್ದೇ ಬೀಳುತ್ತದೆ ಎಂದು ತಯಾರಕರೇ ಒಪ್ಪಿ ವಿನ್ಯಾಸ ಮಾಡಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಪ್ರೀಸ್ಟರ ತರ್ಕವನ್ನೇ ಹಿಡಿದು ಕೇಳುತ್ತೇನೆ: ಒಂದು ಚಿಪ್ಪು, ಒಂದಿಷ್ಟು ರಬ್ಬರು ಹಾಕಿ ನಷ್ಟ ತಪ್ಪಿಸುವುದು ಕಾರ್ಖಾನೆಗೆ ಸುಲಭವೋ, ಮಕ್ಕಳು ಓಡಾಡುವ ಮನೆಯಲ್ಲಿ ಮೂರು ವರ್ಷ ಒಮ್ಮೆಯೂ ವಯರು ಎಡವದಂತೆ ನೋಡಿಕೊಳ್ಳುವುದು ನಮಗೆ ಸುಲಭವೋ?

ಕೈಗಡಿಯಾರದವರು ಈ ಪ್ರಶ್ನೆಯನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ‘ಶಾಕ್ ರೆಸಿಸ್ಟೆಂಟ್’ ಎಂದು ಗಡಿಯಾರದ ಮೇಲೆ ಬರೆಯಬೇಕಾದರೆ ಐಎಸ್ಒ 1413 ಎಂಬ ಅಂತರರಾಷ್ಟ್ರೀಯ ಮಾನದಂಡ ದಾಟಬೇಕು. ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ನೆಲಕ್ಕೆ ಬಿದ್ದಷ್ಟು ಹೊಡೆತ ತಿಂದ ಮೇಲೂ ಗಡಿಯಾರ ದಿನಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಂದುಮುಂದಾಗಬಾರದು. ಎತ್ತರ ಗೊತ್ತಿದೆ, ನೆಲ ಗೊತ್ತಿದೆ, ಫಲ ಗೊತ್ತಿದೆ.

ಡಿಸ್ಕಿನವರು ಏನು ಮಾಡುತ್ತಾರೆ? ಸುತ್ತ ರಬ್ಬರು ಹಾಕಿದ ಕೆಲವು ದುಬಾರಿ ಮಾದರಿಗಳ ಡಬ್ಬದ ಮೇಲೆ ಅಮೆರಿಕದ ಸೇನೆಯ ಮಾನದಂಡದ ಹೆಸರು ಇರುತ್ತದೆ, 122 ಸೆಂಟಿಮೀಟರ್ ಎತ್ತರದಿಂದ ಬಿದ್ದರೂ ಏನೂ ಆಗದು ಎಂದಿರುತ್ತದೆ. ಆ ಪರೀಕ್ಷೆಯ ವಿವರ ಓದಿದರೆ ನಮ್ಮ ಮನೆಗಳಿಗೆ ಅದು ಎಷ್ಟು ದೂರ ಎಂದು ತಿಳಿಯುತ್ತದೆ. ಕಾಂಕ್ರೀಟಿನ ಮೇಲೆ ಎರಡು ಇಂಚು ದಪ್ಪದ ಪ್ಲೈವುಡ್ ಹಾಸಿ, ಅದರ ಮೇಲೆ ಬೀಳಿಸುತ್ತಾರೆ. ಮುಖ, ಅಂಚು, ಮೂಲೆ ಎಲ್ಲ ಸೇರಿ 26 ಸಲ ಬೀಳಿಸಬೇಕು. ಆ 26ನ್ನು ಐದು ಬೇರೆ ಬೇರೆ ಪ್ರತಿಗಳಿಗೆ ಹಂಚಬಹುದು. ಡಿಸ್ಕಿನ ಮಟ್ಟಿಗೆ ಈ ಪರೀಕ್ಷೆ ಸಾಮಾನ್ಯವಾಗಿ ನಿಂತ ಸ್ಥಿತಿಯದು. ಮೇಷ್ಟ್ರ ಮನೆಯಲ್ಲಿ ಡಿಸ್ಕು ಹಾಡುತ್ತಿತ್ತು, ನೆಲ ಸಿಮೆಂಟಿನದಾಗಿತ್ತು.

ಹಾಗಿದ್ದರೂ ಡಬ್ಬದ ಮೇಲೆ ಹಾಗೆ ಬರೆದವರು ತಮ್ಮ ಮಾತಿಗೆ ಕಟ್ಟುಬೀಳಬೇಕು. ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ದೋಷ’ ಎಂಬುದರ ವ್ಯಾಖ್ಯೆ ವಿಶಾಲವಾಗಿದೆ. ಕಾನೂನು ಅಥವಾ ಕರಾರಿನಂತೆ ಇರಬೇಕಾದ ಗುಣಮಟ್ಟ ಇಲ್ಲದಿರುವುದು ಮಾತ್ರವಲ್ಲ, ಮಾರುವವನು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ಇಲ್ಲದಿರುವುದೂ ದೋಷವೇ. ನಾಲ್ಕು ಅಡಿಯಿಂದ ಬಿದ್ದರೂ ಸರಿ ಎಂದು ಡಬ್ಬ ಹೇಳಿ, ಎರಡೂವರೆ ಅಡಿಯಿಂದ ಬಿದ್ದದ್ದಕ್ಕೆ ಸತ್ತರೆ, ಅದನ್ನು ಗ್ರಾಹಕನ ಅಪಘಾತ ಎಂದು ತಳ್ಳಿಹಾಕುವುದು ನನ್ನ ದೃಷ್ಟಿಯಲ್ಲಿ ಈ ವ್ಯಾಖ್ಯೆಗೆ ವಿರುದ್ಧ. ಡಬ್ಬ ಎಸೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ನನಗೆ ಇನ್ನೂ ಹೆಚ್ಚು ನೋವು ಕೊಡುವುದು ಬೀಳದೆಯೂ ‘ಬಿದ್ದದ್ದು’ ಎಂದು ಹಿಂದಿರುಗುವ ಡಿಸ್ಕುಗಳು. ಮೂಲೆಯಲ್ಲೊಂದು ಸಣ್ಣ ತಗ್ಗು ಇದ್ದರೆ ಸಾಕು. ಒಬ್ಬ ಹುಡುಗಿಯ ಡಿಸ್ಕಿನಲ್ಲಿ ಕೆಟ್ಟದ್ದು ಸರ್ಕ್ಯೂಟ್ ಬೋರ್ಡು. ಸುಟ್ಟ ವಾಸನೆ ನನ್ನ ಮೂಗಿಗೇ ಬಂದಿತ್ತು. ತಟ್ಟೆಗೂ ಹೆಡ್ಡಿಗೂ ಏನೂ ಆಗಿರಲಿಲ್ಲ. ಹೊದಿಕೆಯ ಮೇಲೆ ಹಳೆಯ ಗೀರೊಂದಿತ್ತು. ಸರ್ವಿಸ್ ಸೆಂಟರಿನಿಂದ ‘ಫಿಸಿಕಲ್ ಡ್ಯಾಮೇಜ್, ವಾರಂಟಿ ಅನ್ವಯಿಸದು’ ಎಂದು ಚೀಟಿ ಅಂಟಿಸಿಕೊಂಡು ಕೊರಿಯರಿನಲ್ಲಿ ವಾಪಸು ಬಂತು. ಗೀರು ಬೋರ್ಡನ್ನು ಸುಡುವುದಿಲ್ಲ. ಹೊಡೆತವೇ ಕಾರಣ ಎಂದು ಹೇಳುವವರು ಹೊಡೆತವನ್ನು ತೋರಿಸಬೇಕು. ತೋರಿಸಲು ಸ್ವಲ್ಪ ಮಟ್ಟಿಗೆ ದಾರಿಯೂ ಇದೆ. ಡಿಸ್ಕು ತನ್ನ ಆರೋಗ್ಯದ ದಾಖಲೆಯನ್ನು ತಾನೇ ಇಟ್ಟುಕೊಳ್ಳುತ್ತದೆ. ಅದನ್ನು ಸ್ಮಾರ್ಟ್ ಎನ್ನುತ್ತಾರೆ. ಹಲವು ಲ್ಯಾಪ್‌ಟಾಪ್ ಡಿಸ್ಕುಗಳಲ್ಲಿ ಅದರ 191ನೇ ಸಾಲು ಓಡುವಾಗ ಬಿದ್ದ ಹೊಡೆತಗಳ ಎಣಿಕೆ. ನಿಂತಾಗ ಬಿದ್ದದ್ದು ಅದರಲ್ಲಿ ಬರೆಯಲ್ಪಡುವುದಿಲ್ಲ ನಿಜ. ಆದರೆ ಇರುವ ದಾಖಲೆಯನ್ನೂ ನೋಡದೆ ಗೀರು ನೋಡಿ ತೀರ್ಪು ಕೊಡುವುದು ಯಾವ ನ್ಯಾಯ?

ಯುರೋಪಿನಲ್ಲೂ ಗ್ರಾಹಕ ಬೀಳಿಸಿದ್ದಕ್ಕೆ ಮಾರಿದವನು ಹೊಣೆಯಲ್ಲ. ಆದರೆ ಅಲ್ಲಿ ಕೊಂಡ ಮೊದಲ ವರ್ಷದಲ್ಲಿ ಕಾಣಿಸಿಕೊಂಡ ದೋಷ ಕೊಳ್ಳುವಾಗಲೇ ಇತ್ತು ಎಂದು ಕಾನೂನು ಭಾವಿಸುತ್ತದೆ; ಅಲ್ಲ ಎಂದು ಸಾಬೀತು ಮಾಡಬೇಕಾದವನು ಮಾರಿದವನು. ನಮ್ಮಲ್ಲೂ ಆ ನಿಯಮ ಬೇಕು. ಸದ್ಯಕ್ಕೆ ಇರುವ ದಾರಿ ಎಂದರೆ ಜಿಲ್ಲಾ ಗ್ರಾಹಕ ಆಯೋಗ. ಹೊಸ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಾಗರದವರು ಶಿವಮೊಗ್ಗಕ್ಕೆ ಹೋದರೆ ಸಾಕು. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ದೋಷ ಏನೆಂದು ತಿಳಿಯಲು ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೂ ಕಳಿಸಬಹುದು. ಅದಕ್ಕೂ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಒಂದು ಕರೆ ಮಾಡಿ ನೋಡಿ ಎನ್ನುತ್ತೇನೆ.

ಅಪಘಾತಕ್ಕೆಂದೇ ಬೇರೆ ದುಡ್ಡು ಕೊಟ್ಟು ಕೊಳ್ಳುವ ರಕ್ಷಣೆಯೂ ಇದೆ, ಲ್ಯಾಪ್‌ಟಾಪ್ ಕೊಳ್ಳುವಾಗ ಕೌಂಟರಿನಲ್ಲಿ ಕೇಳುತ್ತಾರಲ್ಲ, ಅದು. ಎಂಬತ್ತು ಸಾವಿರದ ಲ್ಯಾಪ್‌ಟಾಪಿಗೆ ಅದು ಸರಿ. ಪರದೆ ಒಡೆದರೆ ಖರ್ಚು ದೊಡ್ಡದು. ಐದು ಸಾವಿರದ ಡಿಸ್ಕಿಗೆ ಆ ದುಡ್ಡನ್ನು ಎರಡನೇ ಡಿಸ್ಕಿಗೆ ಹಾಕುವುದು ಮೇಲು. ಪೀಟರ್ ಕ್ರೋಗ್ ಎಂಬ ಫೋಟೊಗ್ರಾಫರ್ ಪ್ರಚಾರಕ್ಕೆ ತಂದ ಸೂತ್ರ ಸ್ಟುಡಿಯೊ ಹುಡುಗರಿಗೆಲ್ಲ ಗೊತ್ತಿರಬೇಕು: ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಕೊಳ್ಳಲು ಸಾಧ್ಯವಿದ್ದರೆ ಬೀಳುವ ಭಯ ಬಹುಮಟ್ಟಿಗೆ ತಪ್ಪುತ್ತದೆ, ಆದರೆ ಅಷ್ಟೇ ಜಾಗಕ್ಕೆ ಬೆಲೆ ಹೆಚ್ಚು. ಇನ್ನು ಬಿದ್ದೇ ಬಿಟ್ಟರೆ, ‘ಓಡ್ತದಾ ನೋಡೋಣ’ ಎಂದು ಮತ್ತೆ ಮತ್ತೆ ಸಿಕ್ಕಿಸಬೇಡಿ. ಫ್ರಿಜ್ಜಿನಲ್ಲಿಡಬೇಡಿ, ತಟ್ಟಬೇಡಿ, ಬಿಚ್ಚಬೇಡಿ. ಬೇರೆ ಪ್ರತಿ ಇಲ್ಲದಿದ್ದರೆ ವಾರಂಟಿಯ ಚಿಂತೆ ಬಿಟ್ಟು ಮೊದಲು ದತ್ತಾಂಶದ ದಾರಿ ನೋಡಿ. ಕಂಪನಿ ಬದಲಿ ಕೊಟ್ಟರೆ ನಿಮ್ಮ ಡಿಸ್ಕು ತಿರುಗಿ ಬರುವುದಿಲ್ಲ.

ಪೋರ್ಟಬಲ್ ಡಿಸ್ಕಿನ ವಾರಂಟಿಯಲ್ಲಿ ಮೇಜಿನ ಎತ್ತರದ ಒಂದು ಬೀಳುವಿಕೆ ಸೇರಬೇಕು. ಎಷ್ಟು ಎತ್ತರ, ಓಡುವಾಗಲೋ ನಿಂತಾಗಲೋ, ಯಾವ ನೆಲ ಎಂಬುದು ಡಬ್ಬದ ಮೇಲೆ ಕನ್ನಡದಲ್ಲೂ ಇರಬೇಕು. ಇದನ್ನು ನನಗೆ ಮಾಲು ಕಳಿಸುವ ಶಿವಮೊಗ್ಗದ ವಿತರಕರ ಮುಂದೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮೇಡಂ, ಡಿಸ್ಕಿಗೆ ಇನ್ನೂರು ರೂಪಾಯಿ ಜಾಸ್ತಿ ಆದ್ರೆ ನಿಮ್ ಗಿರಾಕಿ ಕೊಡ್ತಾರಾ?’ ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಎರಡೂ ಬಗೆಯ ಡಬ್ಬ ಕಳಿಸಿ, ಯಾವುದರಲ್ಲಿ ಏನಿದೆ ಎಂದು ನಾನು ಓದಿ ಹೇಳಿ ಮಾರುತ್ತೇನೆ ಎಂದೆ. ಕಂಪನಿಯವರಿಗೆ ಬರೆಯುತ್ತೇನೆ ಎಂದಿದ್ದಾರೆ.